ಅಳಿಯ ಎಂದು ಬರೆದದ್ದು

ಅರ್ಜಿ ತುಂಬುವುದೆಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ನೀರು ಕುಡಿದಷ್ಟು ಸುಲಭ. ಕಾರು ಕಲಿಯಲು ಬಂದವರಿಗೆ ಲೈಸೆನ್ಸ್ ಮಾಡಿಸಿಕೊಡುತ್ತ ಮಾಡಿಸಿಕೊಡುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಎದುರಿಗೆ ಕೂತವನು ಪೆನ್ನು ಕಚ್ಚುತ್ತ "ಇಲ್ಲೇನು ಬರೀಲಿ ಸಾರ್" ಎಂದರೆ ಅವರದು ಒಂದೇ ಮಾತು: "ಗೊತ್ತಿಲ್ಲದಿದ್ರೆ ಕೇಳ್ಕೊಂಡು ಬಂದು ಬರಿ. ಖಾಲಿ ಮಾತ್ರ ಬಿಡಬೇಡ. ಖಾಲಿ ಬಿಟ್ಟ ಅರ್ಜಿ ವಾಪಸ್ ಬರುತ್ತೆ." ರಕ್ತದ ಗುಂಪು ಗೊತ್ತಿಲ್ಲ ಎಂದವನನ್ನು ಅಲ್ಲಿಂದಲೇ ಎಬ್ಬಿಸಿ ಲ್ಯಾಬಿಗೆ ಓಡಿಸುತ್ತಿದ್ದರು. ಈ ಅಭ್ಯಾಸದಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ. ಆದದ್ದು ಒಂದೇ ಸಲ, ಅದೂ ಹೆತ್ತ ಮಗಳ ವಿಷಯದಲ್ಲಿ.

ಆ ಅರ್ಜಿ ಲೈಸೆನ್ಸಿನದಲ್ಲ, ಏಣಿಯನ್ನು ಕರೆಸುವ ವೀಸಾದ್ದು.

ಏಣಿ ಎಂದರೆ ಮಗಳ ಜೊತೆಗಾರ. ಹೊರದೇಶದವನು. ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಕೂರಿಸುವ ಕಂಪನಿಯಿಂದ ಊರಿನ ದೊಡ್ಡ ಆಸ್ಪತ್ರೆಗೆ ಬಂದಿದ್ದ. ಮಗಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಮೂರು ತಿಂಗಳಲ್ಲಿ ಕೂರಿಸಬಹುದಾದ ಯಂತ್ರವನ್ನು ಅವನು ಮೂರು ವರ್ಷ ಕೂರಿಸಿದ ಎಂದು ಮೇಷ್ಟ್ರು ಹಂಗಿಸುತ್ತಿದ್ದರು. ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳದೆ ಅವನು ಮನೆಯೊಳಗೆ ಬಂದ ದಿನವೇ ಇಲ್ಲ, ಅದಕ್ಕೇ ಏಣಿ. ಹೆಸರಿಟ್ಟದ್ದು ಮೇಷ್ಟ್ರು, ಇಟ್ಟದ್ದು ಕುಹಕಕ್ಕೆ. ಮಗಳು ಬಿದ್ದು ಬಿದ್ದು ನಕ್ಕು ಅದನ್ನೇ ಮುದ್ದಿನ ಹೆಸರು ಮಾಡಿಕೊಂಡಳು. ಅವನೂ ಫೋನು ಎತ್ತಿದರೆ "ನಾನು ಏಣಿ" ಎನ್ನತೊಡಗಿದ. ಬಯ್ಯಲಿಕ್ಕೆಂದು ಇಟ್ಟುಕೊಂಡಿದ್ದ ಒಂದು ಮಾತೂ ಹೀಗೆ ಮೇಷ್ಟ್ರ ಕೈತಪ್ಪಿ ಹೋಯಿತು.

ಅವರಿಗೆ ಮೈ ಉರಿಯುತ್ತಿದ್ದದ್ದು ಇನ್ನೊಂದಕ್ಕೆ. ಏಣಿ ಕನ್ನಡ ಕಲಿತದ್ದು ಮಗಳ ಬಾಯಿಂದ. ಅವಳು ಹೇಗೆ ಆಡುತ್ತಾಳೋ ಹಾಗೇ ಆಡುತ್ತಿದ್ದ. ಅವಳು ತಂದೆಯನ್ನು "ಅಪ್ಪ, ನೀನು" ಎನ್ನುವಳು. ಇವನೂ ಮೊದಲ ಸಲ ಮನೆಗೆ ಬಂದಾಗ ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ "ಅಪ್ಪ, ನೀನು ಹೇಗಿದ್ದೀಯಾ?" ಎಂದ. ಬ್ಯಾಂಕಿನ ಮ್ಯಾನೇಜರು, ಕಾಲೇಜಿನ ಪ್ರಿನ್ಸಿಪಾಲರು ಎಲ್ಲ ಕ್ಲಚ್ಚು ಯಾವುದು ಬ್ರೇಕು ಯಾವುದು ತಿಳಿಯದೆ "ಸಾರ್, ನೀವೇ ಹಿಡ್ಕೊಳಿ ಸಾರ್" ಎಂದು ಕೂಗುವುದನ್ನು ಕೇಳಿಯೇ ಬಾಳಿದ ಮನುಷ್ಯ. ಆ ದಿನ ಊಟಕ್ಕೆ ಕೂತರೂ ತುತ್ತು ಇಳಿಯಲಿಲ್ಲ.

"ಏಕವಚನದಲ್ಲಿ ಮಾತಾಡಿಸ್ತಾನಲ್ಲೇ ನನ್ನನ್ನ" ಎಂದರು ಹೆಂಡತಿಗೆ.

"ಅಪ್ಪ ಅಂದಿದ್ದು ಕೇಳಿಸಲಿಲ್ವಾ ನಿಮಗೆ?" ಎಂದರು ಹೆಂಡತಿ.

ಕೇಳಿಸಿತ್ತು. ಕೇಳಿಸದವರ ಹಾಗೆ ಇದ್ದುಬಿಟ್ಟರು. ಮದುವೆಯ ಮಾತು ಬಂದಾಗಲೂ ಹಾಗೇ. ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, "ನೋಡೋಣ" ಎಂದರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಮನೆಯಲ್ಲೂ ಅವರ ಕಾಲು ಅದರ ಮೇಲಿಂದ ಕದಲುತ್ತಿರಲಿಲ್ಲ. ಮಗಳಿಗೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿ ಬರುವುದೇನೂ ಕಷ್ಟವಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೂಂ ಅನ್ನಲಿ, ಆಮೇಲೆ ಎಂದು ಅವಳು ಕಾದಳು. ಅಷ್ಟರಲ್ಲಿ ಏಣಿಯ ಗುತ್ತಿಗೆ ಮುಗಿಯಿತು, ಅದರ ಜೊತೆಗೇ ಕೆಲಸದ ವೀಸಾ. ಮದುವೆಗೆ ಬೇಕಾದ ತನ್ನ ಕಾಗದಪತ್ರ ಮಾಡಿಸಿಕೊಂಡು ಬರುತ್ತೇನೆಂದು ಅವನು ತನ್ನ ದೇಶಕ್ಕೆ ಹೋದ. ಹೋಗುವಾಗ ಮೇಷ್ಟ್ರು ಸ್ಕೂಲಿನ ಕಾರಿನಲ್ಲೇ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ದಾರಿಯುದ್ದಕ್ಕೂ ಟ್ರಾಫಿಕ್ಕನ್ನು ಬಯ್ದದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ.

ಅವನು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಮಗಳು ತಲೆ ಹಿಡಿದುಕೊಂಡು ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರು ಮಹಡಿ ಮೇಲಿದ್ದ ಆಪರೇಷನ್ ಥಿಯೇಟರಿಗೆ ಅವಳನ್ನು ತಳ್ಳಿಕೊಂಡು ಹೋದವರು ಅವಳ ಜೊತೆ ದಿನಾ ಟೀ ಕುಡಿಯುತ್ತಿದ್ದವರೇ. ತಲೆ ಬೋಳಿಸಿ ಆಪರೇಷನ್ ಮಾಡಿದರು. ಎರಡು ದಿನ ಕಳೆದು ಕಣ್ಣು ಬಿಟ್ಟಾಗ ತಂದೆಯನ್ನು ಒಳಗೆ ಕರೆದರು.

ಅವಳ ಮಾತು ನಿಧಾನವಾಗಿತ್ತು, ಒಂದೊಂದು ಪದವನ್ನೂ ಎಲ್ಲಿಂದಲೋ ಹುಡುಕಿ ತರುತ್ತಿದ್ದಳು.

"ಅವನನ್ನ ಕರೆಸಪ್ಪ."

"ಕರೆಸ್ತೀನಿ ಮಗಳೇ."

"ನೋಡೋಣ ಅನ್ನಬೇಡ."

"ಇಲ್ಲಮ್ಮ, ಕರೆಸ್ತೀನಿ ಅಂದ್ನಲ್ಲ. ನಾನೇ ಕರೆಸ್ತೀನಿ."

ಅವಳು ಕಣ್ಣು ಮುಚ್ಚಿದಳು. ಮೇಷ್ಟ್ರು ಹೊರಗೆ ಬಂದು ಗೋಡೆ ಹಿಡಿದು ನಿಂತರು. ಹಿಂದೆಯೇ ಬಂದ ದೊಡ್ಡ ಡಾಕ್ಟರು ಸುತ್ತುಬಳಸಿ ಮಾತಾಡುವ ಜಾತಿಯವರಲ್ಲ. "ಇನ್ನೊಂದು ಸಲ ರಕ್ತ ಒಸರಿದ್ರೆ ನಮ್ಮ ಕೈಯಲ್ಲಿ ಏನೂ ಇರಲ್ಲ. ಒಸರಬಹುದು, ಒಸರದೆಯೂ ಇರಬಹುದು. ಬರಬೇಕಾದೋರು ಯಾರಾದ್ರೂ ಇದ್ರೆ ಈಗ್ಲೇ ಕರೆಸಿ" ಎಂದರು.

ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡರು. ಫೋಟೋ ಸ್ಟುಡಿಯೋದ ಮೇಲಿನ ಮಹಡಿಯಲ್ಲಿ ಒಬ್ಬ ವೀಸಾ ಏಜೆಂಟಮ್ಮ ಇದ್ದಳು. ಒಂದು ಮೇಜು, ಎರಡು ಕಂಪ್ಯೂಟರು, ಗೋಡೆ ತುಂಬ ಬೇರೆ ಬೇರೆ ದೇಶದ ಟೈಮು ತೋರಿಸುವ ಗಡಿಯಾರಗಳು. ಅವುಗಳಲ್ಲಿ ಅರ್ಧ ನಿಂತಿದ್ದವು. ಅವಳಿಗೆ ಕಾರು ಕಲಿಸಿದ್ದು ಇವರೇ. ರಿವರ್ಸ್ ಹಾಕಲು ಬಾರದೆ ಎರಡು ಸಲ ಫೇಲಾದವಳು, ಆ ಸಲುಗೆಯಿಂದಲೋ ಏನೋ ಕೈಲಿದ್ದ ಕೆಲಸ ಬದಿಗಿಟ್ಟು ಕುರ್ಚಿ ಎಳೆದು ಕೂರಿಸಿದಳು.

"ನೋಡಿ ಮೇಷ್ಟ್ರೇ, ಗಂಡ ಅಂತಾದ್ರೆ ಸಂಸಾರದ ವೀಸಾ, ಅದು ಬೇಗ ಸಿಗುತ್ತೆ. ಮದುವೆ ಸರ್ಟಿಫಿಕೇಟ್ ಇದೆಯಾ?"

"ಇಲ್ಲ."

"ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿಯಾದ್ರೂ ಕೊಟ್ಟಿದ್ರಾ? ನೋಟಿಸು ಹಾಕಿದ್ದರ ನಕಲು ಇದ್ರೂ ಒಂದು ಕೈ ನೋಡಬಹುದು."

"ಅದೂ ಇಲ್ಲ" ಎಂದರು ಮೇಷ್ಟ್ರು. ಯಾಕಿಲ್ಲ ಎಂದು ಅವಳು ಕೇಳಲಿಲ್ಲ, ಕೇಳದಿದ್ದದ್ದೇ ಅವರಿಗೆ ಹೆಚ್ಚು ಚುಚ್ಚಿತು.

"ಪ್ರವಾಸಿ ವೀಸಾ ಹಾಕಿದ್ರೆ ವಾರಗಟ್ಟಲೆ ಆಗುತ್ತೆ. ಕೆಲಸದ ವೀಸಾ ಮುಗಿಸಿ ಈಗಷ್ಟೇ ಹೋದವನು ಮತ್ತೆ ಯಾಕೆ ಬರ್ತಿದ್ದಾನೆ ಅಂತ ಕೊಕ್ಕೆ ಬೇರೆ ಹಾಕ್ತಾರೆ. ಉಳಿದಿದ್ದು ಒಂದೇ, ರೋಗಿ ನೋಡೋಕೆ ಬರೋ ತುರ್ತು ವೀಸಾ. ಸ್ನೇಹಿತ ಅಂದ್ರೂ ಕೊಡ್ತಾರೆ. ಆಸ್ಪತ್ರೆಯಿಂದ ಒಂದು ಪತ್ರ, ಮನೆಯವರು ಕರೀತಿದ್ದೀವಿ ಅಂತ ಒಂದು ಅರ್ಜಿ, ಅವನು ಅಲ್ಲಿ ರಾಯಭಾರ ಕಚೇರಿಗೆ ಹೋಗಿ ಒಂದು ಸಂದರ್ಶನ. ರೋಗಿ ಇರೋ ತನಕ ಮಾತ್ರ ನಡೆಯೋ ವೀಸಾ ಅದು."

"ಇರೋ ತನಕ ಅಂದ್ರೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ಆಸ್ಪತ್ರೆಯಲ್ಲಿ ಇರೋ ತನಕ ಅಂತ ಮೇಷ್ಟ್ರೇ" ಎಂದು ಅರ್ಜಿಯನ್ನು ಕೈಗಿಟ್ಟಳು. "ನಿಮಗೆ ಹೇಳಿಕೊಡಬೇಕಾಗಿಲ್ಲ. ಸಂಬಂಧ ಅನ್ನೋ ಕಡೆ ಮಾತ್ರ ಹಾಗೇ ಬಿಟ್ಟಿರಿ, ಏನು ಬರೆದ್ರೆ ಒಳ್ಳೇದು ಅಂತ ವಿಚಾರಿಸಿ ಹೇಳ್ತೀನಿ."

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ತೊಡೆಯ ಮೇಲೊಂದು ಪೇಪರು ಹಾಸಿಕೊಂಡು ಮೇಷ್ಟ್ರು ಅರ್ಜಿ ತುಂಬಿದರು. ವಿಳಾಸ, ಉದ್ಯೋಗ, ರೋಗಿಯ ವಾರ್ಡು, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಕೊನೆಗೆ ಉಳಿದದ್ದು ಒಂದೇ ಕಾಲಂ: "ಬರುವವರಿಗೂ ನಿಮಗೂ ಇರುವ ಸಂಬಂಧ". ಅದನ್ನು ಬಿಟ್ಟು ಪೆನ್ನು ಮುಚ್ಚಿದರು. ಮತ್ತೆ ತೆಗೆದರು. ಖಾಲಿ ಬಿಟ್ಟ ಅರ್ಜಿ ವಾಪಸ್ ಬರುತ್ತೆ ಎಂದು ಊರಿಗೆಲ್ಲ ಹೇಳಿದ ನಾಲಿಗೆ ಅದು, ಸುಮ್ಮನಿರಲು ಬಿಡಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ. ಆದರೆ ಗಾಜಿನ ಬಾಗಿಲ ಆಚೆ ಮಗಳ ಬೋಳು ತಲೆ ಕಾಣುತ್ತಿತ್ತು. ಇಷ್ಟು ದಿನ ಅವಳು ಕೇಳಿದ್ದೇನು, ಒಂದು ಮಾತು ತಾನೇ. ಆ ಮಾತನ್ನು ಕೊಡುವುದಕ್ಕೆ ಅವರಿಗೆ ಸಿಕ್ಕಿದ ಜಾಗ ಅದೊಂದೇ. ಅಳಿಯ ಎಂದು ಬರೆದರು.

ಬರೆದದ್ದನ್ನು ಹೆಂಡತಿಗೆ ತೋರಿಸಿದರು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಈಗಲಾದ್ರೂ ಬರೆದ್ರಲ್ಲ" ಎಂದರು. ಇದು ಸರಕಾರದ ಕಾಗದ, ಇಲ್ಲಿ ಅಳಿಯ ಎಂದರೆ ಮದುವೆಯಾದವನು ಎಂದಷ್ಟೇ ಅರ್ಥ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿತ್ತು. ಏಜೆಂಟಮ್ಮನೂ ಕಚೇರಿ ಮುಚ್ಚುವುದರೊಳಗೆ ಕಳಿಸಬೇಕೆಂಬ ಗಡಿಬಿಡಿಯಲ್ಲಿ ಓದಿ ನೋಡಲಿಲ್ಲ. ಮೇಷ್ಟ್ರು ತುಂಬಿದ ಅರ್ಜಿಯಲ್ಲಿ ತಪ್ಪು ಹುಡುಕುವ ಪದ್ಧತಿಯೂ ಅವಳಿಗಿರಲಿಲ್ಲ.

ಮೂರನೆಯ ದಿನ ಏಣಿಯ ಫೋನು ಬಂತು.

"ಅಪ್ಪ, ವೀಸಾ ಕೊಡಲಿಲ್ಲ."

"ಯಾಕೆ? ಎಲ್ಲಾ ಸರಿಯಾಗಿ ಬರೆದಿದ್ದೆನಲ್ಲ."

"ಅವರು ಮದುವೆ ಆಗಿದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಇಲ್ಲಿ ಅಳಿಯ ಅಂತ ಇದೆ, ನೀನು ಆಗಿಲ್ಲ ಅಂತೀಯ, ಎರಡರಲ್ಲಿ ಒಂದು ಸುಳ್ಳು ಅಂದ್ರು."

ಮೇಷ್ಟ್ರ ತಲೆಗೆ ರಕ್ತ ಏರಿತು. "ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅದು ನಿಜ ಅಲ್ಲ ಅಪ್ಪ."

"ನಾನು, ಹುಡುಗಿ ಅಪ್ಪ, ನಾನೇ ಬರೆದ ಮೇಲೆ ನಿಜ ಅಲ್ದೆ ಏನು?"

"ನೀನು ಬರೆದಿದ್ದು ನನಗೆ ತುಂಬಾ ಖುಷಿ" ಎಂದ ಏಣಿ, ಒಂದೊಂದೇ ಪದ ಜೋಡಿಸುತ್ತ. "ಆದ್ರೆ ಅವರು ಮದುವೆ ಆಗಿದೆಯಾ ಅಂತ ಕೇಳಿದ್ರು. ಮದುವೆ ಆಗಿಲ್ಲ. ನನಗೆ ಬೇರೆ ಥರ ಹೇಳೋಕೆ ಬರಲ್ಲ. ಅವಳಿಗೆ ಗೊತ್ತು."

ಅವನು ಅಂಥವನೇ. ಯಂತ್ರ ಕೂರಿಸುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಳಚಿ ಮತ್ತೆ ಕೂರಿಸುತ್ತಾನೆ, ಡಾಕ್ಟರುಗಳು ಕೈಮುಗಿದು ಬೇಡಿಕೊಂಡರೂ ಸರಿಯಾಗಿದೆ ಎಂದು ಸಹಿ ಹಾಕುವುದಿಲ್ಲ ಎಂದು ಮಗಳು ಹೆಮ್ಮೆಯಿಂದ ಹೇಳುತ್ತಿದ್ದಳು. ಮೇಷ್ಟ್ರು ಆಗ ಮೂಗು ಮುರಿದಿದ್ದರು. ಈಗ ಫೋನಿಟ್ಟು, ಬಯ್ಯುವುದಕ್ಕೆ ಯಾರೂ ಸಿಗದೆ, ತಮ್ಮ ಹಣೆಯನ್ನೇ ಚಚ್ಚಿಕೊಂಡರು.

ಏಜೆಂಟಮ್ಮನೂ ತಲೆ ಮೇಲೆ ಕೈಹೊತ್ತು ಕೂತಳು. "ಬಿಟ್ಟಿರಿ ಅಂದಿದ್ನಲ್ಲ ಮೇಷ್ಟ್ರೇ. ಅವನು ಹೌದು ಅಂದಿದ್ರೂ ಸರ್ಟಿಫಿಕೇಟ್ ತೋರಿಸು ಅಂತಿದ್ರು, ಅಲ್ಲಿಗೂ ನೆಗೆದು ಬೀಳ್ತಿತ್ತು. ಹೋಗ್ಲಿ. ಹೊಸ ಅರ್ಜಿ ಹಾಕೋಣ. ಆದ್ರೆ ಹಳೇದರಲ್ಲಿ ಬರೆದಿದ್ದು ತಪ್ಪು ಅಂತ ನೋಟರಿ ಮುಂದೆ ಪ್ರಮಾಣ ಮಾಡಿ ಕೊಡಬೇಕು ನೀವು."

"ಏನಂತ?"

ಅವಳು ಅವರ ಮುಖ ನೋಡದೆ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಲೇ ಓದಿದಳು. ಸದರಿ ವ್ಯಕ್ತಿ ನನ್ನ ಅಳಿಯನಲ್ಲ. ನನಗಾಗಲಿ ನನ್ನ ಕುಟುಂಬಕ್ಕಾಗಲಿ ಯಾವ ರೀತಿಯಲ್ಲೂ ಸಂಬಂಧಿಯಲ್ಲ. ನನ್ನ ಮಗಳಿಗೆ ಪರಿಚಯದ ಸ್ನೇಹಿತ ಮಾತ್ರ.

ನೋಟರಿ ಕೋರ್ಟಿನ ಮೆಟ್ಟಿಲ ಪಕ್ಕ ಛತ್ರಿಯ ಕೆಳಗೆ ಮೇಜು ಹಾಕಿಕೊಂಡಿದ್ದ. ಒಂದು ಕೈಯಲ್ಲಿ ಬನ್ನು ತಿನ್ನುತ್ತ ಇನ್ನೊಂದು ಕೈಯಲ್ಲಿ ಸೀಲು ಒತ್ತುತ್ತಿದ್ದ. "ಓದಿ ನೋಡಿದ್ದೀರಾ? ಇದರಲ್ಲಿರೋದೆಲ್ಲ ನಿಜಾನಾ?" ಎಂದು ರೂಢಿಯಂತೆ ಕೇಳಿದ. ಮೇಷ್ಟ್ರು "ಹೂಂ" ಎಂದರು. ಇಷ್ಟು ದಿನ ಮಗಳು ಕಾದು ಕೂತಿದ್ದ ಹೂಂ ಅದೇ ಬಾಯಿಂದ ಬಂತು, ಬಂದದ್ದು ಈ ಕಾಗದಕ್ಕೆ. ಸಹಿ ಹಾಕುವಾಗ ಅವರ ಅಕ್ಷರ ಕೆಟ್ಟಿತು.

ಆ ಪ್ರಮಾಣಪತ್ರದ ನಕಲು ಏಣಿಗೂ ಹೋಯಿತು. ಸಂದರ್ಶನದಲ್ಲಿ ಕೇಳಿದರೆ ಗೊತ್ತಿರಬೇಕಲ್ಲ. ಮಾರನೆಯ ದಿನ ಫೋನು ಮಾಡಿದವನು ಹೊಸಬನ ಹಾಗೆ ಮಾತಾಡಿದ.

"ನೀವು ಊಟ ಮಾಡಿದ್ರಾ? ಅವಳು ಹೇಗಿದ್ದಾಳೆ ಅಂತ ನೀವು ಸ್ವಲ್ಪ ಹೇಳ್ತೀರಾ?"

ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಇದೇನೋ ಹೊಸದು, ನೀವು ಗೀವು?"

"ಪತ್ರ ಓದಿದೆ. ಸಂಬಂಧ ಇಲ್ಲ ಅಂತ ಇದೆ."

"ಅದು ಆಫೀಸಿಗೆ ಕಣೋ, ಮಾರಾಯ. ವೀಸಾ ಸಿಗಲಿ ಅಂತ."

"ಗೊತ್ತು. ಆದ್ರೆ ಅವಳು ನನಗೆ ಕಲಿಸಿದ್ದು ಹಾಗೆ. ಮನೆಯವರಿಗೆ ನೀನು, ಹೊರಗಿನವರಿಗೆ ನೀವು. ಅಪ್ಪನಿಗೆ ನೀವು ಅಂದ್ರೆ ಅಪ್ಪನ್ನ ಹೊರಗೆ ನಿಲ್ಲಿಸಿದ ಹಾಗೆ ಅಂತ ಹೇಳಿದ್ಲು."

ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು, ಫಿನಾಯಿಲಿನ ವಾಸನೆ ಮೂಗಿಗೆ ಅಡರುತ್ತಿತ್ತು. ಮೇಷ್ಟ್ರು ಬಾಯಿಗೆ ಕರ್ಚೀಫು ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಮೂರು ವರ್ಷ ತಾವು ಯಾವುದನ್ನು ಸೊಕ್ಕು ಎಂದುಕೊಂಡು ಹಲ್ಲು ಕಡಿದಿದ್ದರೋ ಅದನ್ನು ಆ ಹುಡುಗ ಇಷ್ಟು ಜತನವಾಗಿ ಇಟ್ಟುಕೊಂಡಿದ್ದ. ನಾಚಿಕೆಯಿಂದ ಅವರ ಕಿವಿ ಕಾದವು.

"ನೀನು ಮೊದಲಿನ ಹಾಗೇ ಕರಿ" ಎಂದರು. "ಕೇಳಿಸ್ತಾ? ಮೊದಲಿನ ಹಾಗೇ."

"ಸರಿ ಅಪ್ಪ" ಎಂದ ಏಣಿ. "ನೀನು ಊಟ ಮಾಡಿದ್ಯಾ?"

ಇತ್ತ ಮಗಳು ದಿನಕ್ಕೆರಡು ಸಲ ಕಣ್ಣು ಬಿಡುತ್ತಿದ್ದಳು. ಬಿಟ್ಟಾಗೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ಬರ್ತಿದ್ದಾನೆ, ಹೊರಟಿದ್ದಾನೆ, ಇವತ್ತೋ ನಾಳೆಯೋ ಎಂದು ಹೆಂಡತಿ ಹೇಳುತ್ತ ಹೋದರು. ಅಳಿಯ ಎಂದು ಬರೆದದ್ದನ್ನಾಗಲಿ ಅದು ವಾಪಸ್ ಬಂದದ್ದನ್ನಾಗಲಿ ಅವಳಿಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಅವಳು ತಂದೆಯ ಕಡೆ ನೋಡಿ, ತುಟಿ ಮಾತ್ರ ಅಲ್ಲಾಡಿಸಿ, "ಎಲ್ಲಿ?" ಎಂದಳು. ಮೇಷ್ಟ್ರು ಅವಳ ಹಣೆ ಸವರಿ ಎದ್ದು ಬಂದರು. ಅದೇ ಅವಳ ಕೊನೆಯ ಮಾತು ಎಂದು ಗೊತ್ತಿದ್ದರೆ ಕೂತಿರುತ್ತಿದ್ದರು.

ಮಾರನೆಯ ಬೆಳಿಗ್ಗೆ ಮತ್ತೆ ರಕ್ತ ಒಸರಿತು. ಮೂಗಿಗೆ ಬಾಯಿಗೆ ನಳಿಕೆ ಹಾಕಿ ಯಂತ್ರದ ಉಸಿರಿಗೆ ಬಿಟ್ಟರು. ಅದೇ ಬೆಳಿಗ್ಗೆ ವೀಸಾ ಆಯಿತು. ಸ್ನೇಹಿತ ಎಂದು, ರೋಗಿಯನ್ನು ನೋಡಲು ಎಂದು. ಸಿಕ್ಕಿದ ಮೊದಲ ವಿಮಾನ ಹತ್ತಿದ ಏಣಿ, ಹತ್ತುವ ಮುಂಚೆ ಫೋನು ಮಾಡಿ "ಅವಳಿಗೆ ಹೇಳು, ಹೊರಟೆ ಅಂತ" ಎಂದ. ಮೇಷ್ಟ್ರು ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದರು. ಕೇಳಿಸಿತೋ ಇಲ್ಲವೋ. ಮೊದಲ ವಿಮಾನ ಇಳಿದು ಇನ್ನೊಂದು ಹತ್ತಬೇಕಿತ್ತು ಅವನು. ಆ ಮೊದಲನೆಯದು ಇನ್ನೂ ಆಕಾಶದಲ್ಲಿದ್ದಾಗ ಮಗಳು ಹೋಗಿಬಿಟ್ಟಳು.

ಹೆಂಡತಿಯ ಅಳು ಕಾರಿಡಾರಿನ ಕೊನೆಯವರೆಗೂ ಕೇಳುತ್ತಿತ್ತು. ಮೇಷ್ಟ್ರು ಅಳಲಿಲ್ಲ, ನೆಂಟರಿಗೆ ಫೋನು ಮಾಡುತ್ತ ನಿಂತರು. "ಹೋಗ್ಬಿಟ್ಲು" ಎಂದರು ಒಬ್ಬರಿಗೆ, "ತೀರಿಕೊಂಡ್ಲು" ಎಂದರು ಇನ್ನೊಬ್ಬರಿಗೆ, ತಮ್ಮ ತಂಗಿಗೆ "ನಮ್ಮನ್ನ ಬಿಟ್ಟು ನಡೆದ್ಲು ಕಣಮ್ಮ" ಎಂದರು. ಕೇಳಿದವರಿಗೆ ತಕ್ಷಣ ಅರ್ಥವಾಗುತ್ತಿತ್ತು. ಏಜೆಂಟಮ್ಮನಿಗೆ ಹೇಳಿದಾಗ ಅವಳು ಮೊದಲು ಅತ್ತಳು, ಆಮೇಲೆ ಒಂದು ಮಾತು ಹೇಳಿದಳು.

"ಮೇಷ್ಟ್ರೇ, ಅವನಿಗೆ ತಿಳಿಸಿದ್ರಾ?"

"ಇಲ್ಲ. ಇಳಿದ ಕೂಡಲೇ ಫೋನು ಮಾಡ್ತಾನೆ."

"ಹೇಳಬೇಡಿ. ಇಲ್ಲಿ ಇಳಿದ ಮೇಲೆ ಬಾಗಿಲಲ್ಲಿ ಪಾಸ್‌ಪೋರ್ಟು ನೋಡೋರು ಕೇಳ್ತಾರೆ, ಯಾರನ್ನ ನೋಡೋಕೆ ಬಂದೆ, ಹೇಗಿದ್ದಾರೆ ಅಂತ. ಹೀಗಾಗಿದೆ ಅಂದ್ರೆ ಆ ವೀಸಾ ಅಲ್ಲಿಗೇ ಮುಗೀತು. ಸಂಬಂಧಿಯಲ್ಲ ಅಂತ ನಾವೇ ಬರೆದುಕೊಟ್ಟಿದ್ದೀವಿ, ಬೇರೆ ದಾರಿ ಇಲ್ಲ. ಅದೇ ವಿಮಾನದಲ್ಲಿ ವಾಪಸ್ ಕಳಿಸ್ತಾರೆ. ಗೊತ್ತಿದ್ರೆ ಅವನು ಸುಮ್ಮನಿರೋ ಪೈಕಿ ಅಲ್ಲ, ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಹೆಂಡತಿಯ ಪಕ್ಕ ಕೂತು ಅದನ್ನು ಹೇಳಿದರು. ಅವರು ಊದಿದ ಕಣ್ಣೆತ್ತಿ ನೋಡಿ, "ನನ್ನನ್ನ ಕೇಳಿದ್ರೆ ನಾನು ಇನ್ನು ಸುಳ್ಳು ಹೇಳಲ್ಲ. ಫೋನು ನೀವೇ ಇಟ್ಕೊಳಿ" ಎಂದರು.

ಫೋನು ಬಂತು. ಹಿಂದೆ ವಿಮಾನ ನಿಲ್ದಾಣದ ಗದ್ದಲ.

"ಅಪ್ಪ, ಒಂದು ವಿಮಾನ ಆಯ್ತು. ಅವಳು ಹೇಗಿದ್ದಾಳೆ?"

"ಹಾಗೇ ಇದ್ದಾಳೆ" ಎಂದರು ಮೇಷ್ಟ್ರು.

"ನೋವು ಇದೆಯಾ?"

"ಇಲ್ಲ. ಈಗ ನೋವಿಲ್ಲ."

"ಫೋನು ಅವಳ ಕಿವಿ ಹತ್ತಿರ ಹಿಡೀತೀಯಾ? ಒಂದೇ ಮಾತು."

ಮೇಷ್ಟ್ರು ಗೋಡೆಗೆ ತಲೆ ಆನಿಸಿದರು. "ಒಳಗೆ ಫೋನು ಬಿಡಲ್ಲ ಮಗು. ಬಾ. ಬಂದು ಹೇಳುವಂತೆ."

ನೆಂಟರು ಬಂದು ತುಂಬಿಕೊಂಡರು. ಶವಾಗಾರದ ಮುಂದಿನ ಕಟ್ಟೆಯ ಮೇಲೆ ಕೂತು ಕೂತು ತಂಗಿಗೆ ಸಿಟ್ಟು ಬಂತು. "ಇನ್ನೂ ಎಷ್ಟು ಹೊತ್ತು ಅವಳನ್ನ ಆ ಐಸಲ್ಲಿ ಮಲಗಿಸ್ತೀಯಾ ಅಣ್ಣ? ಯಾರಿಗೋಸ್ಕರ ಕಾಯ್ತಿದ್ದೀಯಾ?" ಎಂದಳು. "ಮನೆಯವರು ಒಬ್ಬರು ಬರೋದಿದೆ" ಎಂದರು ಮೇಷ್ಟ್ರು. ಯಾರು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ, ಅಣ್ಣನ ಮುಖ ಹಾಗಿತ್ತು.

ಮಾರನೆಯ ದಿನ ನಡುಮಧ್ಯಾಹ್ನ ಅವರೊಬ್ಬರೇ ಸ್ಕೂಲಿನ ಕಾರು ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದರು. ಕಂಬಿಯ ಈಚೆ ಹೂವು ಹಿಡಿದವರು, ಬೋರ್ಡು ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಬಾಗಿಲು ತೆರೆದಾಗೆಲ್ಲ ಎಲ್ಲರ ಕತ್ತೂ ಉದ್ದವಾಗುತ್ತಿತ್ತು. ಮೇಷ್ಟ್ರು ಮನಸ್ಸಿನಲ್ಲಿ ಎರಡನ್ನೂ ಬೇಡಿಕೊಳ್ಳುತ್ತಿದ್ದರು, ಅವನನ್ನು ಬಿಡಲಿ ಎಂದೂ, ಅವನು ಬರುವುದು ಇನ್ನಷ್ಟು ತಡವಾಗಲಿ ಎಂದೂ.

ಏಣಿ ಬಂದ. ಕ್ಷೌರವಿಲ್ಲದ ಮುಖ, ಒಂದೇ ಒಂದು ಕೈಚೀಲ. ಮೇಷ್ಟ್ರನ್ನು ಕಂಡವನೇ ನಕ್ಕ, ಪರೀಕ್ಷೆ ಪಾಸಾದ ಹುಡುಗನ ನಗು. ಉದ್ದುದ್ದ ಹೆಜ್ಜೆ ಹಾಕಿ ಬಂದು ಬಗ್ಗಿ ತಬ್ಬಿಕೊಂಡ.

"ಬಿಟ್ರು ಅಪ್ಪ. ತುಂಬಾ ಪ್ರಶ್ನೆ ಕೇಳಿದ್ರು. ಅವಳು ಹೇಗಿದ್ದಾಳೆ ಅಂತ ಎರಡು ಸಲ ಕೇಳಿದ್ರು. ನೀನು ಹೇಳಿದ್ದೇ ಹೇಳಿದೆ. ಬಾ, ಬೇಗ ಹೋಗೋಣ."

ಮೇಷ್ಟ್ರು ಅವನ ಕೈ ಹಿಡಿದು ಕಂಬದ ಮರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಹಾರಿಹೋಯಿತು.

"ಅವಳು ಹೋಗ್ಬಿಟ್ಲು ಕಣೋ" ಎಂದರು.

"ಎಲ್ಲಿಗೆ?" ಎಂದ ಏಣಿ. "ಬೇರೆ ಆಸ್ಪತ್ರೆಗಾ?"

"ಅಲ್ಲ. ತೀರಿಕೊಂಡ್ಲು."

ಅವನು ಹುಬ್ಬು ಗಂಟಿಕ್ಕಿ ಪದವನ್ನು ಬಾಯಲ್ಲೇ ಹೊರಳಿಸಿ ನೋಡಿದ. ಮಗಳು ಅವನಿಗೆ ಕೀಟಲೆಯ ಕನ್ನಡ ಕಲಿಸಿದ್ದಳು, ಜಗಳದ ಕನ್ನಡ, ಸಂತೆಯಲ್ಲಿ ಚೌಕಾಸಿ ಮಾಡುವ ಕನ್ನಡ. ಈ ಪದ ಅವರಿಬ್ಬರ ನಡುವೆ ಎಂದೂ ಬಂದಿರಲಿಲ್ಲ.

"ತೀರಿತು ಅಂದ್ರೆ ಮುಗೀತು ಅಲ್ವಾ? ಏನು ಮುಗೀತು ಅಪ್ಪ? ಔಷಧಿಯಾ?"

"ಇನ್ನಿಲ್ಲ ಅವಳು" ಎಂದರು ಮೇಷ್ಟ್ರು. ಅದೂ ಅವನನ್ನು ತಲುಪಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಮಾತ್ರ ಅವರ ಮುಖದಿಂದ ಗೊತ್ತಾಗಿ, ಅವನ ನಗು ಇಳಿಯುತ್ತಿತ್ತು.

"ನನಗೆ ಅರ್ಥ ಆಗ್ತಿಲ್ಲ. ಸರಿಯಾಗಿ ಹೇಳು."

ನಿನ್ನೆಯಿಂದ ಅಷ್ಟೊಂದು ಜನಕ್ಕೆ ಹೇಳಿದ್ದರು, ಒಂದು ಸಲವೂ ಆ ಪದವನ್ನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ಅದನ್ನು ನಾಯಿಗೆ ಅನ್ನುತ್ತಾರೆ, ಇಲಿಗೆ ಅನ್ನುತ್ತಾರೆ, ಹೆತ್ತ ಮಗಳಿಗೆ ಯಾರೂ ಅನ್ನುವುದಿಲ್ಲ.

"ಸತ್ತುಹೋದ್ಲು" ಎಂದರು ಮೇಷ್ಟ್ರು. "ನಿನ್ನೆ. ನನ್ನ ಮಗಳು ಸತ್ತುಹೋದ್ಲು."

ಅಲ್ಲಿಯವರೆಗೆ ಬಾರದಿದ್ದ ಅಳು ಒಮ್ಮೆಗೇ ಬಂತು, ಪಕ್ಕದಲ್ಲಿ ಟ್ಯಾಕ್ಸಿ ಕರೆಯುತ್ತಿದ್ದವರು ತಿರುಗಿ ನೋಡಿದರು. ಏಣಿ ಅಳಲಿಲ್ಲ. ಕೈಚೀಲ ನೆಲಕ್ಕಿಟ್ಟು ನಿಂತುಬಿಟ್ಟ.

"ನಾನು ಫೋನು ಮಾಡಿದಾಗ?" ಎಂದ.

"ಅದಕ್ಕೂ ಮೊದಲೇ."

"ಅವರಿಗೆ ಇದ್ದಾಳೆ ಅಂತ ಹೇಳಿದೆ ನಾನು. ಎರಡು ಸಲ ಹೇಳಿದೆ."

"ಅದು ನನ್ನ ಸುಳ್ಳು. ನಿಂದಲ್ಲ."

ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ತಾನು ಹೊರಬಂದ ಗಾಜಿನ ಬಾಗಿಲ ಕಡೆ ತಿರುಗಿದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಅವನು ಏನು ಮಾಡಲು ಹೊರಟಿದ್ದಾನೆಂದು ಮೇಷ್ಟ್ರಿಗೆ ಗೊತ್ತಾಯಿತು. ಓಡಿ ಹೋಗಿ ಅಂಗಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೇಡ ಕಣೋ, ಕೈ ಮುಗೀತೀನಿ. ಈಗ ಹೇಳಿದ್ರೆ ನಿನ್ನನ್ನ ಕಳಿಸಿಬಿಡ್ತಾರೆ. ಅವಳನ್ನ ಇನ್ನೂ ಇಟ್ಟಿದ್ದೀವಿ. ನಿನಗೋಸ್ಕರಾನೇ ಇಟ್ಟಿದ್ದೀವಿ. ಮೊದಲು ಅವಳ ಮುಖ ನೋಡು. ಆಮೇಲೆ ನಾನೇ ಬರ್ತೀನಿ ನಿನ್ನ ಜೊತೆ, ಇಬ್ಬರೂ ಹೇಳೋಣ."

ಏಣಿ ಬಾಗಿಲನ್ನೇ ನೋಡುತ್ತ ನಿಂತಿದ್ದ. ಮೇಷ್ಟ್ರು ತೋಳು ಬಿಡಲಿಲ್ಲ. ಒಳಗಿನಿಂದ ಇನ್ನೊಂದು ವಿಮಾನದ ಜನ ಗಾಡಿ ತಳ್ಳಿಕೊಂಡು ಬರತೊಡಗಿದರು, ಇಬ್ಬರೂ ದಾರಿಗೆ ಅಡ್ಡವಾಗಿದ್ದರಿಂದ ಯಾರೋ ಸ್ವಲ್ಪ ಸರಿಯಿರಿ ಎಂದರು.